ನಂದಿನಿಯನ್ನು ಯಾರಾದರೂ ಕೇಳಿದರಾ?

(ಸಿನಿಮಾ ಆಸಕ್ತರ ಒಂದು ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಸಿನಿಮಾ 'ಮುಂಗಾರು ಮಳೆ'. ಕಥೆ ಹೇಳುವುದು ಬೇಡ, ಎಲ್ಲರಿಗೂ ಗೊತ್ತಿರುವುದೇ ಅಂತ ಬರುವಾಗ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಮುಂದಿನ ಸಾಲಲ್ಲಿ ಕಾಲೇಜು ಹುಡುಗರು, ಹುಡುಗಿಯರು ಕೂತಿದ್ದೀರಿ. ಸಿನಿಮಾ ತೆರೆಗೆ ಬಂದದ್ದು 2006ರ ಡಿಸೆಂಬರ್ 29ಕ್ಕೆ. ನಿಮ್ಮಲ್ಲಿ ಕೆಲವರು ಆಗ ತೊಟ್ಟಿಲಲ್ಲಿ ಇದ್ದಿರಬೇಕು. ಹಾಡು ಗೊತ್ತು, ಗಣೇಶ್ ಗೊತ್ತು, ಮೊಲ ಗೊತ್ತು. ಕಥೆ ಮಾತ್ರ ಅರ್ಧಂಬರ್ಧ ನೆನಪಿರುತ್ತದೆ. ಹಾಗಾಗಿ ಬೇಗ ಬೇಗ ಹೇಳಿಬಿಡುತ್ತೇನೆ.

ಪ್ರೀತಮ್ ದುಡ್ಡಿರುವ ಮನೆಯ, ಕೆಲಸವಿಲ್ಲದ, ಬಾಯಿ ಜೋರಿರುವ ಹುಡುಗ. ಬೆಂಗಳೂರಿನ ಒಂದು ಮಾಲ್ ಹತ್ತಿರ ಗಾಳಿ ಮಳೆಯಲ್ಲಿ ನಂದಿನಿಯನ್ನು ನೋಡುತ್ತಾನೆ. ನೋಡುತ್ತಾ ನೋಡುತ್ತಾ ಮ್ಯಾನ್‌ಹೋಲಿಗೆ ಬೀಳುತ್ತಾನೆ. ಅವನನ್ನು ಮೇಲೆತ್ತುವವಳು ಅವಳೇ. ಆ ಗಲಾಟೆಯಲ್ಲಿ ಅವಳು ಆಗಷ್ಟೇ ಕೊಂಡಿದ್ದ ಹೃದಯದ ಆಕಾರದ ವಾಚು ಕಳೆದುಹೋಗಿ ಇವನ ಕೈ ಸೇರುತ್ತದೆ. ಆಮೇಲೆ ಅಮ್ಮನ ಜೊತೆ ಮಡಿಕೇರಿಗೆ ಒಂದು ಮದುವೆಗೆ ಹೋಗುತ್ತಾನೆ. ಮದುಮಗಳು ಅದೇ ನಂದಿನಿ. ಅವಳ ಅಪ್ಪ ಕರ್ನಲ್ ಸುಬ್ಬಯ್ಯ, ಅಂದರೆ ನಮ್ಮ ಅನಂತ್ ನಾಗ್. ಗಂಡು ಗೌತಮ್. ಮದುವೆಗೆ ಒಂದೇ ವಾರ. ಆ ವಾರದಲ್ಲಿ ಇವನು ಅವಳನ್ನು ಗೆಲ್ಲುತ್ತಾನೆ, ಗೆದ್ದ ಮೇಲೆ ಬಿಟ್ಟುಕೊಡುತ್ತಾನೆ. ಗೌತಮನನ್ನು ಕೊಲ್ಲಲು ಬಂದ ರೌಡಿಯಿಂದ ಅವನನ್ನು ಉಳಿಸಿ, ತಾನೇ ಮದುವೆ ಮನೆಗೆ ತಲುಪಿಸುತ್ತಾನೆ. ಕೊನೆಗೆ ಅವನು ಜೊತೆಗಿಟ್ಟುಕೊಂಡಿದ್ದ ಮೊಲ ಸಾಯುತ್ತದೆ. ಥಿಯೇಟರಿನಲ್ಲಿ ಗಂಡಸರು ಕರ್ಚೀಫು ಹುಡುಕುತ್ತಾರೆ.

ಇಷ್ಟೇ ಕಥೆ. ಯೋಗರಾಜ ಭಟ್ಟರ ನಿರ್ದೇಶನ, ಎಸ್. ಕೃಷ್ಣ ಅವರ ಕ್ಯಾಮೆರಾ, ಮನೋಮೂರ್ತಿ ಅವರ ಸಂಗೀತ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಜಾಸ್ತಿ ಓಡಿತು. ಕನ್ನಡ ಸಿನಿಮಾಕ್ಕೆ ಮಲ್ಟಿಪ್ಲೆಕ್ಸಿನಲ್ಲಿ ಒಂದು ಪರದೆ ಸಿಕ್ಕರೆ ಸಾಕು ಅನ್ನುತ್ತಿದ್ದ ಕಾಲ ಅದು. ಆಮೇಲೆ ತೆಲುಗಿಗೆ ಹೋಯಿತು, ಬಂಗಾಳಿಗೆ ಹೋಯಿತು. ಈ ಗೆಲುವಿನ ಕಥೆ ಬೇಕಾದಷ್ಟು ಜನ ಹೇಳಿದ್ದಾರೆ, ನಾನು ಅಲ್ಲಿಗೆ ಹೋಗುವುದಿಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಸಿನಿಮಾವನ್ನು ನಾವು 'ತ್ಯಾಗದ ಕಥೆ' ಅಂತ ಕರೆಯುತ್ತೇವೆ. ತ್ಯಾಗ ಮಾಡಬೇಕಾದರೆ ವಸ್ತು ನಮ್ಮದಾಗಿರಬೇಕು. ಪ್ರೀತಮ್ ಬಿಟ್ಟುಕೊಟ್ಟದ್ದರಲ್ಲಿ ಅರ್ಧ ಅವನದು, ಇನ್ನರ್ಧ ನಂದಿನಿಯದು. ಅವಳ ಪಾಲನ್ನು ಕೊಡುವ ಮೊದಲು ಅವಳನ್ನು ಕೇಳಿದನಾ? ಇಲ್ಲ.

ಈಗ ಎರಡು ದೃಶ್ಯ ನೋಡೋಣ.

ಮೊದಲನೆಯದು ಜಲಪಾತದ ದೃಶ್ಯ. ಕಥೆಯ ಪ್ರಕಾರ ಅದು ಮಡಿಕೇರಿ ಸುತ್ತಮುತ್ತಲಿನದು, ತೋರಿಸಿರುವುದು ಜೋಗ. ಮಡಿಕೇರಿಯಿಂದ ಜೋಗಕ್ಕೆ ರಸ್ತೆಯಲ್ಲಿ 300 ಕಿಲೋಮೀಟರಿಗೂ ಜಾಸ್ತಿ, ಆದರೂ ಇವರು ಪಕ್ಕದ ಬೀದಿಗೆ ಹೋದ ಹಾಗೆ ಹೋಗಿಬರುತ್ತಾರೆ. ಇರಲಿ, ಸಿನಿಮಾದಲ್ಲಿ ಇದೆಲ್ಲ ನಡೆಯುತ್ತದೆ. ಕೃಷ್ಣ ಅವರ ಕ್ಯಾಮೆರಾ ಶರಾವತಿಯ ಮೇಲಿಂದ ಕೆಳಗೆ ನೋಡುವಾಗ ಭೂಗೋಳ ಯಾರಿಗೆ ಬೇಕು ಹೇಳಿ. ನಾನು ಹೇಳಬೇಕಾದದ್ದು ಬೇರೆ. ಅಲ್ಲಿಗೆ ಪ್ರೀತಮನನ್ನು ಕರೆದುಕೊಂಡು ಹೋಗುವವಳು ನಂದಿನಿ. ನೀರು ಧುಮ್ಮಿಕ್ಕುವ ಅಂಚಿಗೆ ಹೋಗಿ ನಿಲ್ಲುವವಳು ಅವಳು. ತನಗೆ ವಾಪಸ್ ಹೋಗಿ ಗೌತಮನನ್ನು ಮದುವೆಯಾಗಲು ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳುವವಳೂ ಅವಳೇ. ಮದುವೆ ಗೊತ್ತಾದ ಹುಡುಗಿ ಈ ಮಾತು ಹೇಳಬೇಕಾದರೆ ಎಷ್ಟು ಧೈರ್ಯ ಬೇಕು, ಯೋಚಿಸಿ. ಅಲ್ಲಿಯವರೆಗೆ ಮಾತಾಡಿದ್ದೆಲ್ಲ ಅವನು. ಪಟಪಟ ಅಂತ ಒಂದೇ ಸಮ ಮಾತಾಡುವವನು. ಅವಳು ಮಾತಾಡುವುದು ಕಡಿಮೆ. ಆದರೆ ಈ ಸಿನಿಮಾದಲ್ಲಿ ಪ್ರಾಣ ಪಣಕ್ಕಿಟ್ಟು ಆಡಿದ ಒಂದು ಮಾತು ಇದ್ದರೆ ಅದು ಅವಳದು.

ಎರಡನೆಯದು ಬೆಳಗಿನ ಓಟದ ದೃಶ್ಯ. ಇದನ್ನು ಜನ ಅಷ್ಟಾಗಿ ನೆನಪಿಟ್ಟುಕೊಳ್ಳುವುದಿಲ್ಲ, ಹಾಡಿಲ್ಲವಲ್ಲ. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾ ನಿಂತಿರುವುದು ಇಲ್ಲೇ. ಪ್ರೀತಮ್ ಕರ್ನಲ್‌ರನ್ನು ಬೆಳಿಗ್ಗೆ ಜಾಗಿಂಗಿಗೆ ಕರೆದುಕೊಂಡು ಹೋಗುತ್ತಾನೆ. ಉದ್ದೇಶ ಸರಿಯಾಗಿಯೇ ಇದೆ: 'ನಿಮ್ಮ ಮಗಳು ನನ್ನನ್ನು ಇಷ್ಟಪಡುತ್ತಿದ್ದಾಳೆ, ನಮಗೆ ಮದುವೆ ಮಾಡಿಕೊಡಿ' ಅಂತ ಕೇಳುವುದು. ಕದ್ದು ಓಡಿಹೋಗುವ ಹುಡುಗ ಅಲ್ಲ ಅವನು. ನೇರವಾಗಿ ಅಪ್ಪನ ಹತ್ತಿರ ಹೋಗಿದ್ದಾನೆ. ಆದರೆ ಇವನು ಬಾಯಿ ತೆರೆಯುವ ಮೊದಲೇ ಸುಬ್ಬಯ್ಯ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ತಮಗೆ ಹೃದಯದ ಕಾಯಿಲೆ, ಯಾವಾಗ ಬೇಕಾದರೂ ಹೋಗಬಹುದು, ಮಗಳನ್ನು ಗೌತಮನಿಗೆ ಕೊಟ್ಟು ಮದುವೆ ಮಾಡಿದರೆ ಸಾಕು, ಬದುಕಿನಲ್ಲಿ ಬೇರೇನೂ ಬೇಡ ಅನ್ನುತ್ತಾರೆ. ಮುಗಿಯಿತು. ಇಡೀ ಸಿನಿಮಾದಲ್ಲಿ ಬಾಯಿ ಮುಚ್ಚದ ಹುಡುಗನ ಬಾಯಿ ಅಲ್ಲಿ ಕಟ್ಟಿಹೋಗುತ್ತದೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಸುಬ್ಬಯ್ಯನವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮೊದಲಿಂದ ಇದನ್ನಿಟ್ಟುಕೊಂಡು ನಗಿಸುತ್ತಾ ಬಂದಿದ್ದಾರೆ. ಕೊನೆಗೆ ನೋಡಿದರೆ ಕಿವಿ ಕೇಳದ ಅಪ್ಪ ಮಾತಾಡುತ್ತಾನೆ, ಕಿವಿ ನೆಟ್ಟಗಿರುವ ಹುಡುಗ ಕೇಳಿಸಿಕೊಂಡು ವಾಪಸ್ ಬರುತ್ತಾನೆ. ಅಪ್ಪನ ಕಿವಿಗೆ ವಿಷಯ ಬೀಳುವುದೇ ಇಲ್ಲ. ಸುಬ್ಬಯ್ಯ ಬೇಡ ಅನ್ನಲಿಲ್ಲ ಅನ್ನುವುದನ್ನು ಗಮನಿಸಿ. ಅವರಿಗೆ ಬೇಡ ಅನ್ನುವ ಅವಕಾಶವನ್ನೇ ಕೊಡಲಿಲ್ಲ. 'ಮಗಳೇ, ನಿನಗೆ ಅವನೇ ಬೇಕಾ?' ಅಂತ ಕೇಳುವ ಅವಕಾಶವನ್ನೂ ಕೊಡಲಿಲ್ಲ. ಅವರು ಒಳ್ಳೆಯ ಅಪ್ಪ, ಕೇಳುತ್ತಿದ್ದರೋ ಏನೋ.

ಇಲ್ಲಿಂದ ಮುಂದೆ ಎಲ್ಲರ ಪರವಾಗಿ ತೀರ್ಮಾನ ಮಾಡುವವನು ಒಬ್ಬನೇ. ಅಪ್ಪನ ಆರೋಗ್ಯಕ್ಕೆ ಯಾವುದು ಒಳ್ಳೆಯದು, ನಂದಿನಿಗೆ ಯಾರು ಸರಿ, ಗೌತಮನಿಗೆ ಎಷ್ಟು ತಿಳಿದಿರಬೇಕು, ಎಲ್ಲವೂ ಪ್ರೀತಮನ ತಲೆಯೊಳಗೇ ಇತ್ಯರ್ಥ. ಮದುವೆಯ ಹಿಂದಿನ ರಾತ್ರಿ ಅವನು ರಸ್ತೆ ಬದಿಯ ಬಾರಿನಲ್ಲಿ ಕುಡಿಯುತ್ತಾ ಕೂತಿರುತ್ತಾನೆ. ಅಲ್ಲಿಗೆ ಸುಬ್ಬಯ್ಯನವರ ಮನೆ ದಾರಿ ಕೇಳಿಕೊಂಡು ಗೌತಮ್ ಬರುತ್ತಾನೆ. ಅವನನ್ನು ಕೊಲ್ಲಲು ಬಂದವನಿಗೆ ಪ್ರೀತಮ್ ಹೇಳುವುದು ಏನು? ನಂದಿನಿಗೆ ತಕ್ಕವನು ಗೌತಮನೇ ಅಂತ. ಒಂದು ಹುಡುಗಿ ಯಾರನ್ನು ಮದುವೆಯಾಗಬೇಕು ಅಂತ ಮೂರು ಗಂಡಸರು ಬಾರಿನ ಮುಂದೆ ತೀರ್ಮಾನ ಮಾಡುತ್ತಿದ್ದಾರೆ. ಒಬ್ಬ ರೌಡಿ, ಒಬ್ಬ ಮದುಮಗ, ಒಬ್ಬ ಕುಡಿದವನು. ಹುಡುಗಿ ಮನೆಯಲ್ಲಿ ಮೆಹಂದಿ ಹಚ್ಚಿಕೊಂಡು ಕೂತಿದ್ದಾಳೋ, ಅಳುತ್ತಿದ್ದಾಳೋ, ಕ್ಯಾಮೆರಾ ಅತ್ತ ಹೋಗಿ ನೋಡುವ ಗೋಜಿಗೇ ಹೋಗುವುದಿಲ್ಲ.

(ಇಲ್ಲಿ ಸಭೆಯಲ್ಲಿ ನಗು ಬಂತು. ಆದರೆ ಆ ದೃಶ್ಯ ನೋಡುವಾಗ ನಮಗ್ಯಾರಿಗೂ ನಗು ಬಂದಿರಲಿಲ್ಲ, ಗಂಟಲು ಕಟ್ಟಿತ್ತು. ಸಿನಿಮಾ ಚೆನ್ನಾಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ.)

ಇನ್ನು ಆ ಮೊಲ. ದೇವದಾಸ ಅಂತ ಹೆಸರು. ಶರತ್‌ಚಂದ್ರರ ದೇವದಾಸನ ಹೆಸರನ್ನು ಮೊಲಕ್ಕೆ ಇಟ್ಟಿದ್ದೇ ಮೊದಲ ನಗು. ಪ್ರೀತಮ್ ತನ್ನ ಎದೆಯೊಳಗಿನ ಮಾತನ್ನೆಲ್ಲ ಹೇಳಿಕೊಳ್ಳುವುದು ಈ ಮೊಲದ ಹತ್ತಿರ. ಗಣೇಶ್ ಅದಕ್ಕೆ ಮುಂಚೆ ಟಿ.ವಿ.ಯಲ್ಲಿ ಕಾಮಿಡಿ ಕಾರ್ಯಕ್ರಮ ನಡೆಸುತ್ತಿದ್ದವರು. ಕ್ಯಾಮೆರಾ ಮುಂದೆ ಒಬ್ಬರೇ ಮಾತಾಡಿ ಜನರನ್ನು ಹಿಡಿದಿಡುವುದು ಅವರಿಗೆ ಕರಗತ. ಎದುರಿಗೆ ಒಂದು ಮೊಲ ಇಟ್ಟರೆ ಸಾಕು, ಐದು ನಿಮಿಷ ಎಳೆದುಕೊಂಡು ಹೋಗಬಲ್ಲರು. ಆದರೆ ಯೋಚಿಸಿ ನೋಡಿ, ಅಪ್ಪನಿಗೆ ಹೇಳಬೇಕಾದದ್ದು, ಗೌತಮನಿಗೆ ಹೇಳಬೇಕಾದದ್ದು, ಎಲ್ಲಕ್ಕಿಂತ ಮೊದಲು ನಂದಿನಿಗೆ ಹೇಳಬೇಕಾದದ್ದು ಮೊಲದ ಪಾಲಾಯಿತು. ನಾವು ಅತ್ತದ್ದೂ ಮೊಲಕ್ಕಾಗಿ. ನಂದಿನಿಗಾಗಿ ಯಾರು ಅತ್ತರು?

ಇದೇ ಹೊತ್ತಿಗೆ ನೀವು ಕೇಳಬಹುದು, ಅವಳಾದರೂ ಮನೆಯಲ್ಲಿ ಹೇಳಬಹುದಿತ್ತಲ್ಲ ಅಂತ. ಹೇಳುವುದು ಯಾಕೆ ಕಷ್ಟ ಅಂತ ಗೊತ್ತಾಗಬೇಕಾದರೆ ಗೊತ್ತುಮಾಡಿದ ಮದುವೆ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ನೋಡಬೇಕು. ಮೊದಲು ಜಾತಕ. ಆಮೇಲೆ ಹುಡುಗಿ ನೋಡುವ ಶಾಸ್ತ್ರ. ಕೇಸರಿಬಾತು, ಉಪ್ಪಿಟ್ಟು, ತಲೆ ತಗ್ಗಿಸಿ ಕಾಫಿ ತರುವ ಹುಡುಗಿ. 'ಏನಮ್ಮಾ, ಒಪ್ಪಿಗೆನಾ?' ಅಂತ ಯಾರೋ ಚಿಕ್ಕಮ್ಮ ಒಳಗೆ ಹೋಗಿ ಕೇಳುತ್ತಾರೆ. ಹುಡುಗಿ ಸುಮ್ನೆ ಇರುತ್ತಾಳೆ. ಮೌನಂ ಸಮ್ಮತಿ ಲಕ್ಷಣಂ! ಚಿಕ್ಕಮ್ಮ ಹೊರಗೆ ಬಂದು 'ಅವಳಿಗೆ ಒಪ್ಪಿಗೆ' ಅನ್ನುತ್ತಾರೆ. ಆ ದಿನ 'ಇಲ್ಲ' ಅಂದರೆ ಹೋಗುವುದು ಒಂದು ತಟ್ಟೆ ಉಪ್ಪಿಟ್ಟು, ಅಷ್ಟೇ. ತಾಂಬೂಲ ಬದಲಾಯಿಸಿದ ಮೇಲೆ 'ಇಲ್ಲ' ಅಂದರೆ ಎರಡು ಮನೆಯ ಮಾತು ಹೋಗುತ್ತದೆ. ಲಗ್ನಪತ್ರಿಕೆ ಹಂಚಿದ ಮೇಲೆ ಅಂದರೆ ಊರೆಲ್ಲ ಬಾಯಿಗೆ ಬರುತ್ತದೆ. ಛತ್ರಕ್ಕೆ ಮುಂಗಡ ಕೊಟ್ಟು, ಅಡುಗೆಯವರಿಗೆ ಹೇಳಿ, ಜವಳಿ ತಂದು, ಚಪ್ಪರ ಹಾಕಿ, ದೂರದ ನೆಂಟರು ಬಸ್ಸು ಹತ್ತಿದ ಮೇಲೆ 'ಇಲ್ಲ' ಅನ್ನುವುದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಹೀಗೆ ದಿನ ಹತ್ತಿರ ಬಂದಂತೆಲ್ಲ ಆ ಒಂದು ಮಾತು ತುಟ್ಟಿಯಾಗುತ್ತಾ ಹೋಗುತ್ತದೆ. ಯೋಗರಾಜ ಭಟ್ಟರು ಕಥೆಯನ್ನು ಮದುವೆಗೆ ಒಂದು ವಾರ ಇರುವಾಗ ಶುರುಮಾಡಿದ್ದು ಸುಮ್ನೆ ಅಲ್ಲ.

ಕಾನೂನು ಬೇರೆಯೇ ಹೇಳುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಬಲವಂತದಿಂದಲೋ ಮೋಸದಿಂದಲೋ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದು ಮಾಡಿಸಬಹುದು. ಬಲವಂತ ನಿಂತ ಮೇಲೆ ಅಥವಾ ಮೋಸ ಗೊತ್ತಾದ ಮೇಲೆ ಒಂದು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಆದರೆ ಅಪ್ಪನ ಎದೆನೋವನ್ನು ಬಲವಂತ ಅಂತ ಕರೆಯಲು ಯಾವ ಮಗಳಿಗೆ ಬಾಯಿ ಬರುತ್ತದೆ? ನಮ್ಮ ಸಿನಿಮಾಗಳಲ್ಲಿ ಅಪ್ಪಂದಿರ ಹೃದಯ ಹಾಳಾಗುವುದು ಯಾವಾಗಲೂ ಮಗಳ ಮದುವೆ ಹೊತ್ತಿಗೇ, ಗಮನಿಸಿದ್ದೀರಾ?

ಹಿಂದಕ್ಕೆ ಹೋಗಿ ಇನ್ನೆರಡು ಸಿನಿಮಾ ನೋಡೋಣ. ಯಾಕೆಂದರೆ ಪ್ರೀತಮ್ ಹುಟ್ಟುವುದಕ್ಕೆ ಮುಂಚೆ ಇದೇ ಪ್ರಶ್ನೆಯನ್ನು ಕನ್ನಡ ಸಿನಿಮಾ ಎದುರಿಸಿತ್ತು. ಎರಡರಲ್ಲೂ ಕಲ್ಪನಾ ಇದ್ದಾರೆ.

1967ರ 'ಬೆಳ್ಳಿಮೋಡ'. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಸಿನಿಮಾ. ತ್ರಿವೇಣಿಯವರ ಕಾದಂಬರಿ. ಸಿನಿಮಾ ಬರುವ ನಾಲ್ಕು ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ಕಲ್ಪನಾ ಇಲ್ಲಿ ಇಂದಿರಾ, ಚಿಕ್ಕಮಗಳೂರು ಕಡೆಯ ಎಸ್ಟೇಟಿನ ಒಬ್ಬಳೇ ಮಗಳು. ಮೋಹನನನ್ನು ಅವಳ ಅಪ್ಪನೇ ದುಡ್ಡು ಕೊಟ್ಟು ವಿದೇಶಕ್ಕೆ ಓದಲು ಕಳಿಸುತ್ತಾರೆ. ಮದುವೆ ಗೊತ್ತಾಗಿದೆ. ಅವನು ಅಲ್ಲಿರುವಾಗ ಇಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ, ಅಮ್ಮ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದ ಅಂತ ಗೊತ್ತಾದ ಕೂಡಲೇ ಮೋಹನನಿಗೆ ಹುಡುಗಿ ಬೇಡವಾಗುತ್ತಾಳೆ. ಮುಂದೆ ಅವನಿಗೇ ಅಪಘಾತವಾಗಿ ಅವಳ ಆರೈಕೆಯಲ್ಲಿ ಇರಬೇಕಾಗುತ್ತದೆ. ಹಾಸಿಗೆಯಲ್ಲಿ ಮಲಗಿ ಬುದ್ಧಿ ಬರುತ್ತದೆ. 'ಮದುವೆಯಾಗೋಣ' ಅನ್ನುತ್ತಾನೆ. ಇಂದಿರಾ ಒಪ್ಪುವುದಿಲ್ಲ. ಅವನು ಕೆಟ್ಟವನು ಅಂತ ಅಲ್ಲ, ಸೇಡಿಗೂ ಅಲ್ಲ. ಅವಳ ಮನಸ್ಸಿನಲ್ಲಿ ಅವನಿಗೆ ಜಾಗ ಉಳಿದಿಲ್ಲ, ಅಷ್ಟೇ. ಎಷ್ಟು ಸಲೀಸು ಕಾರಣ ನೋಡಿ. 1967ರಲ್ಲಿ ಇದನ್ನು ಜನ ಒಪ್ಪಿದರು, ಸಿನಿಮಾ ಗೆಲ್ಲಿಸಿದರು.

ಏಳು ವರ್ಷ ಬಿಟ್ಟು 1974ರ 'ಎರಡು ಕನಸು'. ದೊರೆ-ಭಗವಾನ್ ಜೋಡಿಯ ನಿರ್ದೇಶನ, ವಾಣಿಯವರ ಕಾದಂಬರಿ, ರಾಜನ್-ನಾಗೇಂದ್ರ ಸಂಗೀತ. ಜೇಮ್ಸ್ ಬಾಂಡ್ ಥರದ ಪತ್ತೇದಾರಿ ಸಿನಿಮಾ ಮಾಡಿ ಹೆಸರು ಮಾಡಿದ್ದ ಜೋಡಿ ಇಷ್ಟು ಮೆತ್ತಗಿನ ಕಥೆಯನ್ನು ಇಷ್ಟು ಚೆನ್ನಾಗಿ ಹೇಳಿತು ಅನ್ನುವುದೇ ನನಗೆ ಖುಷಿ. ರಾಜ್‌ಕುಮಾರ್ ಇಲ್ಲಿ ರಾಮಚಂದ್ರ, ಕಾಲೇಜು ಮೇಷ್ಟ್ರು. ಲಲಿತಾಳನ್ನು ಪ್ರೀತಿಸುತ್ತಾನೆ, ಅದು ಮಂಜುಳಾ. ಮನೆಯವರ ವೈಮನಸ್ಸು ಅಡ್ಡ ಬಂದು ಅದು ಕೈಗೂಡುವುದಿಲ್ಲ. ಹಿರಿಯರ ಮಾತಿಗೆ ಕಟ್ಟುಬಿದ್ದು ಗೌರಿಗೆ ತಾಳಿ ಕಟ್ಟುತ್ತಾನೆ. ಗೌರಿ ಅಂದರೆ ಕಲ್ಪನಾ. ತಾಳಿ ಕಟ್ಟಿದನೇ ಹೊರತು ಹೆಂಡತಿ ಅಂತ ಹತ್ತಿರ ಸೇರಿಸುವುದಿಲ್ಲ.

ಈ ಗೌರಿಯನ್ನು ಒಂದು ಕ್ಷಣ ಹತ್ತಿರದಿಂದ ನೋಡಿ. ಅವಳು ಮಾಡಿದ ತಪ್ಪೇನು? ಅಪ್ಪ ಅಮ್ಮ ತೋರಿಸಿದ ಗಂಡನ್ನು ಒಪ್ಪಿದಳು. ಗಂಡನ ಮನಸ್ಸಿನಲ್ಲಿ ಇನ್ನೊಬ್ಬಳಿದ್ದಾಳೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಎಸ್. ಜಾನಕಿ ಹಾಡಿದ 'ಪೂಜಿಸಲೆಂದೇ ಹೂಗಳ ತಂದೆ' ಹಾಡು ನೆನಪಿದೆ ಅಲ್ವಾ? ಬಾಗಿಲು ತೆರೆಯೋ ರಾಮ ಅಂತ ಬೇಡುತ್ತಾಳೆ. ಮನೆಯವರಿಗೆಲ್ಲ ಅದು ದೇವರ ಹಾಡು. ಅವಳ ಗಂಡನ ಹೆಸರೂ ರಾಮನೇ. ಚಿ. ಉದಯಶಂಕರ್ ಎಷ್ಟು ಸಲೀಸಾಗಿ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಹೆಂಡತಿ ಬಾಯಿಬಿಟ್ಟು ಕೇಳುವಂತಿಲ್ಲ, ಹಾಗಾಗಿ ದೇವರ ನೆಪದಲ್ಲಿ ಗಂಡನಿಗೆ ಅರ್ಜಿ ಹಾಕುತ್ತಿದ್ದಾಳೆ. ಆ ಹಾಡು ಇವತ್ತಿಗೂ ಶುಕ್ರವಾರ ಬೆಳಿಗ್ಗೆ ರೇಡಿಯೋದಲ್ಲಿ ಭಕ್ತಿಗೀತೆಯಾಗಿ ಬರುತ್ತದೆ. ಕೇಳಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ರಾಮಚಂದ್ರನಿಗೆ ಕಣ್ಣು ತೆರೆಯುವುದು ಯಾವಾಗ? ಲಲಿತಾ ಗಂಡನ ಜೊತೆ ಸುಖವಾಗಿರುವುದನ್ನು ನೋಡಿದಾಗ. ತಾನು ಇಷ್ಟು ದಿನ ಯಾರಿಗಾಗಿ ಕೊರಗಿದೆನೋ ಅವಳು ಮುಂದೆ ಹೋಗಿಬಿಟ್ಟಿದ್ದಾಳೆ ಅಂತ ಗೊತ್ತಾದಾಗ. ಗೌರಿಯ ಕಣ್ಣೀರಿನಿಂದ ಆಗದ ಕೆಲಸ ಲಲಿತಾಳ ನಗುವಿನಿಂದ ಆಯಿತು. ಇದು ಸಿನಿಮಾದ ದೋಷವೋ, ಗಂಡಸರ ಸ್ವಭಾವವೋ, ನೀವೇ ಹೇಳಿ.

ಒಬ್ಬರೇ ನಟಿ. 1967ರಲ್ಲಿ ಆಗುವುದಿಲ್ಲ ಅಂದರು. 1974ರಲ್ಲಿ ಕಾದರು. ಎರಡನ್ನೂ ನಾವು ನಂಬಿದೆವು. ಕಾಲ ಮುಂದೆ ಹೋದಂತೆ ಹೆಣ್ಣಿನ ಮಾತಿಗೆ ಬೆಲೆ ಬರುತ್ತದೆ ಅಂತ ಒಂದು ನೆಟ್ಟಗಿನ ಗೆರೆ ಎಳೆಯಲು ಹೋದರೆ ನಮ್ಮ ಸಿನಿಮಾ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಇಂದಿರಾ ಮಾತಾಡಿ 39 ವರ್ಷ ಆದ ಮೇಲೆ ನಂದಿನಿ ಬಂದಳು. ಕೈಯಲ್ಲಿ ಫೋನಿದೆ, ಮಾಲಿಗೆ ಒಬ್ಬಳೇ ಹೋಗುತ್ತಾಳೆ, ಮ್ಯಾನ್‌ಹೋಲಿಗೆ ಬಿದ್ದ ಗಂಡಸನ್ನು ಎತ್ತುತ್ತಾಳೆ. ಆದರೆ ಅವಳ ಮದುವೆಯ ವಿಷಯಕ್ಕೆ ಬಂದರೆ ಇಂದಿರಾಳಿಗೆ ಇದ್ದ ಕೊನೆಯ ಮಾತು ಇವಳಿಗಿಲ್ಲ.

ಇದಕ್ಕೆ ಒಂದು ಕಾರಣ ನನಗೆ ಹೊಳೆಯುವುದು ಇದು. ಆ ಎರಡು ಕಥೆಗಳನ್ನು ಬರೆದವರು ಹೆಂಗಸರು. ತ್ರಿವೇಣಿ, ವಾಣಿ, ಎಂ.ಕೆ. ಇಂದಿರಾ ಇವರ ಕಾದಂಬರಿಗಳನ್ನು ಮನೆಮನೆಯಲ್ಲಿ ಹೆಂಗಸರು ಮಧ್ಯಾಹ್ನ ಊಟ ಆದ ಮೇಲೆ ಕೂತು ಓದುತ್ತಿದ್ದರು, ಆಮೇಲೆ ಮ್ಯಾಟಿನಿಗೆ ಹೋಗಿ ಅದನ್ನೇ ನೋಡುತ್ತಿದ್ದರು. ಸಿನಿಮಾ ಮಾಡುವವರಿಗೂ ಅದು ಗೊತ್ತಿತ್ತು. ಹಾಗಾಗಿ ಕಥೆ ಅಡುಗೆಮನೆಯಿಂದ, ಕೋಣೆಯ ಬಾಗಿಲಿನಿಂದ ನೋಡುತ್ತಿತ್ತು. 'ಮುಂಗಾರು ಮಳೆ'ಯ ಹೊತ್ತಿಗೆ ಹೆಂಗಸರು ಧಾರಾವಾಹಿಗಳಿಗೆ ಹೋಗಿದ್ದರು. ಥಿಯೇಟರಿಗೆ ಬರುತ್ತಿದ್ದವರಲ್ಲಿ ಹುಡುಗರೇ ಜಾಸ್ತಿ. ಮಚ್ಚು ಲಾಂಗು ನೋಡಿ ನೋಡಿ ಸಾಕಾಗಿದ್ದ ಹುಡುಗರಿಗೆ ಯಾರೋ ಬಂದು 'ನೀನೂ ಅಳಬಹುದು ಕಣೋ' ಅಂದರು. ಅದು ದೊಡ್ಡ ವಿಷಯವೇ. ಜಯಂತ ಕಾಯ್ಕಿಣಿಯವರ 'ಅನಿಸುತಿದೆ ಯಾಕೋ ಇಂದು' ಹಾಡಿನಲ್ಲಿ ಆ ಹುಡುಗರು ತಮ್ಮದೇ ಮನಸ್ಸನ್ನು ಮೊದಲ ಸಲ ಕೇಳಿಸಿಕೊಂಡರು. ಗಂಡಿಗೆ ಅಳಲು ಜಾಗ ಸಿಕ್ಕಿತು, ಆದರೆ ಹೆಣ್ಣು ಕೂತಿದ್ದ ಜಾಗವನ್ನೇ ಬಿಟ್ಟುಕೊಡಬೇಕಾಯಿತು.

ಹಿಂದಿಯವರ ಮಾತೂ ಒಂದು ಬರಲಿ. 1995ರಲ್ಲಿ ಬಂದ ಶಾರುಖ್ ಖಾನ್ ಸಿನಿಮಾ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ', ಸಿಮ್ರನ್ ಮತ್ತು ರಾಜ್ ಕಥೆ. ಅಲ್ಲೂ ಮದುವೆ ಮನೆಯೊಳಗೇ ಹುಡುಗ ಬಂದು ಸೇರಿಕೊಳ್ಳುತ್ತಾನೆ. ಹುಡುಗಿಯ ಅಮ್ಮನೇ ಒಡವೆ ತಂದು ಕೊಟ್ಟು 'ಕರೆದುಕೊಂಡು ಹೋಗು' ಅನ್ನುತ್ತಾಳೆ. ಅಪ್ಪ ಒಪ್ಪಿ ಕೊಟ್ಟರೆ ಮಾತ್ರ ಅಂತ ಅವನು ಹಟ ಹಿಡಿಯುತ್ತಾನೆ. ಅಲ್ಲಿಯೂ ಹುಡುಗಿಯ ಪರವಾಗಿ ಗಂಡಸರೇ ವ್ಯವಹಾರ ಮಾಡುತ್ತಾರೆ. ಒಂದು ವ್ಯತ್ಯಾಸ ಅಂದರೆ, ಆ ಅಪ್ಪನಿಗೆ ವಿಷಯ ಗೊತ್ತಾಗುತ್ತದೆ. ಸಿಟ್ಟು ಮಾಡಿಕೊಳ್ಳುತ್ತಾನೆ, ಹೊಡೆಯುತ್ತಾನೆ, ಕಡೆಗೆ ಮಗಳ ಕೈ ಬಿಡುತ್ತಾನೆ. ನಮ್ಮ ಸುಬ್ಬಯ್ಯನವರಿಗೆ ಸಿಟ್ಟು ಮಾಡಿಕೊಳ್ಳುವ ಭಾಗ್ಯವೂ ಇಲ್ಲ.

ಹಾಗಾದರೆ ಸಿನಿಮಾ ಕೆಟ್ಟದ್ದಾ? ಅಲ್ಲವೇ ಅಲ್ಲ. ನನಗೆ ಬಹಳ ಇಷ್ಟ. ಕನ್ನಡದಲ್ಲಿ ಮಳೆಯನ್ನು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ಇನ್ನೊಂದಿಲ್ಲ. ಮಳೆ ವಿಷಯದಲ್ಲೂ ಒಂದು ತಕರಾರು ಇದೆ ಅನ್ನಿ. ಮುಂಗಾರು ಜೋರಾಗಿರುವಾಗ ಕೊಡಗಿನಲ್ಲಿ ಮದುವೆ ಇಟ್ಟುಕೊಳ್ಳುವ ಧೈರ್ಯ ಯಾರಿಗಿದೆ? ಅಲ್ಲಿ ಕಕ್ಕಡ ಮಾಸದಲ್ಲಿ ಶುಭಕಾರ್ಯವೇ ಮಾಡುವುದಿಲ್ಲ, ಹೊರಗೆ ಕಾಲಿಡಲಾಗದ ಮಳೆ. ಆದರೆ ಅಪ್ಪ ಕರ್ನಲ್ ಆಗಿರುವುದು ಮಾತ್ರ ಪಕ್ಕಾ ಕೊಡಗು. ಕಾರ್ಯಪ್ಪ, ತಿಮ್ಮಯ್ಯ ಅವರ ಊರಲ್ಲವೇ.

ಈ ಸಿನಿಮಾದ ಒಳ್ಳೆಯತನವೇ ಅದರ ತೊಂದರೆ ಅಂತ ನನಗನ್ನಿಸುತ್ತದೆ. ಆ ರೌಡಿ ಒಬ್ಬನನ್ನು ಬಿಟ್ಟರೆ ಇಲ್ಲಿ ಕೆಟ್ಟವರೇ ಇಲ್ಲ. ಅಪ್ಪ ಒಳ್ಳೆಯವರು. ಮದುಮಗ ದಿಗಂತ್, ಸುರದ್ರೂಪಿ, ಸಂಭಾವಿತ. ಪ್ರೀತಮನ ಅಮ್ಮ ಸ್ನೇಹಿತೆಯ ಮನೆಗೆ ನೆಂಟಳಾಗಿ ಬಂದವಳು. ಬಲವಂತ ಮಾಡುವ ಅಪ್ಪ, ಕುಡುಕ ಮದುಮಗ ಇದ್ದಿದ್ದರೆ ನಮಗೆ ಸುಲಭ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವುದು ನಮ್ಮ ರಕ್ತದಲ್ಲೇ ಇದೆ. ಒಳ್ಳೆಯವರ ಮನೆಯಲ್ಲಿ ಉಂಡು, ಮಲಗಿ, ಅವರ ಮಗಳ ಮದುವೆ ಮುರಿಯುವುದು ಹೇಗೆ? ಪ್ರೀತಮ್ ಮಾಡಿದ್ದು ನಮಗೆ ಸರಿ ಅನ್ನಿಸಿದ್ದು ಅದಕ್ಕೇ. ಅವನು ನಂದಿನಿಯ ಮನೆಯವರ ಮರ್ಯಾದೆ ಉಳಿಸಿದ. ಜಲಪಾತದ ಅಂಚಿನಲ್ಲಿ ನಿಂತು ಮಾತಾಡಿದವಳು ಆ ಮನೆಯವಳಲ್ಲವಾ ಅಂತ ಕೇಳಿಕೊಳ್ಳಲಿಲ್ಲ. ನಾವೂ ಕೇಳಿಕೊಳ್ಳಲಿಲ್ಲ.

ನನ್ನ ಮಾತು ಇಲ್ಲಿಗೆ ಸಾಕು. ಪ್ರಶ್ನೆ ಇದ್ದರೆ ಕೇಳಿ.

ಮೊದಲು ಒಬ್ಬ ಹುಡುಗ ಎದ್ದು ನಿಂತ: 'ಸಾರ್, ಹಾಗಾದ್ರೆ ಓಡಿಹೋಗಬೇಕಿತ್ತಾ?'

ಓಡಿಹೋಗುವುದು, ಬಿಟ್ಟುಕೊಡುವುದು, ಎರಡೇ ದಾರಿ ಅಂತ ಯಾರಪ್ಪ ಹೇಳಿದ್ದು? ಆ ದಿನ ಜಾಗಿಂಗ್ ಮುಗಿಸಿ ವಾಪಸ್ ಬಂದ ಮೇಲೆ ಅವನು ಸೀದಾ ನಂದಿನಿಯ ಹತ್ತಿರ ಹೋಗಿ, 'ನಿಮ್ಮಪ್ಪ ಹೀಗೆ ಹೇಳಿದರು, ಈಗ ಏನು ಮಾಡೋಣ?' ಅಂತ ಕೇಳಬಹುದಿತ್ತು. ಅವಳೇ 'ಅಪ್ಪನಿಗೆ ನೋವು ಕೊಡಲಾರೆ, ಗೌತಮನನ್ನೇ ಆಗುತ್ತೇನೆ' ಅನ್ನಬಹುದಿತ್ತು. ಕಥೆಯ ಕೊನೆ ಒಂದಿಷ್ಟೂ ಬದಲಾಗುತ್ತಿರಲಿಲ್ಲ. ಮೊಲವೂ ಸಾಯುತ್ತಿತ್ತು. ಆದರೆ ಆಗ ಅದು ಇಬ್ಬರ ತ್ಯಾಗ ಆಗುತ್ತಿತ್ತು. ನೋಡುವವರಿಗೆ ಇನ್ನೂ ಜಾಸ್ತಿ ಸಂಕಟವಾಗುತ್ತಿತ್ತು ಅನ್ನುವುದು ನನ್ನ ಅಂದಾಜು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಹೆಂಗಸು ಕೇಳಿದರು: 'ಎಲ್ಲರೂ ಪ್ರೀತಮ್, ನಂದಿನಿ ಅಂತೀರಿ. ಆ ಗೌತಮನ ಗತಿ ಏನು? ಅವನಿಗೂ ಯಾರೂ ಹೇಳಲಿಲ್ಲವಲ್ಲ?'

ಈ ಪ್ರಶ್ನೆಗೆ ನಾನು ನಿಮಗೆ ಋಣಿ. ನಿಜ, ಗೌತಮ್ ಈ ಕಥೆಯ ಗೌರಿ. ಹೆಂಡತಿಯ ಮನಸ್ಸಿನಲ್ಲಿ ಇನ್ನೊಬ್ಬನಿದ್ದಾನೆ ಅಂತ ಗೊತ್ತಿಲ್ಲದೆ ತಾಳಿ ಕಟ್ಟುತ್ತಾನೆ. ಜೀವ ಉಳಿಸಿದ ಸ್ನೇಹಿತ ಅಂತ ಪ್ರೀತಮನ ಬಗ್ಗೆ ಮನೆಯಲ್ಲಿ ಹೊಗಳುತ್ತಾನೋ ಏನೋ, ಪಾಪ. ಸಂಜಯ್ ಲೀಲಾ ಬನ್ಸಾಲಿಯವರ 1999ರ ಸಿನಿಮಾ 'ಹಮ್ ದಿಲ್ ದೇ ಚುಕೆ ಸನಮ್' ಇದೆಯಲ್ಲ, ಅಜಯ್ ದೇವಗನ್, ಐಶ್ವರ್ಯಾ ರೈ, ಸಲ್ಮಾನ್ ಖಾನ್ ಇರುವುದು, ಅದರ ಉತ್ತರಾರ್ಧ ನಿಂತಿರುವುದೇ ನೀವು ಕೇಳಿದ ಪ್ರಶ್ನೆಯ ಮೇಲೆ. ಮದುವೆಯಾದ ಮೇಲೆ ಗಂಡನಿಗೆ ಗೊತ್ತಾಗುತ್ತದೆ, ಅವನೇ ಹೆಂಡತಿಯನ್ನು ಅವಳ ಪ್ರಿಯಕರನ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಕೊನೆಗೆ ಅವಳು ಗಂಡನನ್ನೇ ಆರಿಸಿಕೊಳ್ಳುತ್ತಾಳೆ. ಆ ಕೊನೆಯ ಬಗ್ಗೆ ನಿಮಗೆ ತಕರಾರು ಇರಬಹುದು, ನನಗೂ ಇದೆ. ಆದರೆ ಅಲ್ಲಿ ಹುಡುಗಿ ಎದುರಿಗೆ ನಿಂತು ತಾನೇ ಆರಿಸುತ್ತಾಳೆ. ನಮ್ಮಲ್ಲಿ 2016ರಲ್ಲಿ 'ಮುಂಗಾರು ಮಳೆ 2' ಬಂತು, ಶಶಾಂಕ್ ನಿರ್ದೇಶನದಲ್ಲಿ. ಮದುವೆಯಾದ ಮೇಲೆ ನಂದಿನಿ, ಗೌತಮ್ ಹೇಗಿದ್ದಾರೆ ಅಂತ ತಿಳಿಯುತ್ತದೆ ಅಂದುಕೊಂಡು ನಾನೂ ಹೋದೆ. ಅದು ಬೇರೆಯೇ ಕಥೆ.